ಜೋಳಿಗೆಯ ಚಪ್ಪರ

ಮೇಜಿನ ಮೇಲಿದ್ದ ಬಟ್ಟೆಯ ಚಪ್ಪರವನ್ನು ಮಡಚಲು ಕೈಯಿಟ್ಟ ವಂದನಾ ಥಟ್ಟನೆ ಹಿಂದೆಗೆದಳು. ಅಂಚಿನ ಪುಟ್ಟ ಜೇಬು ಸುಡುತ್ತಿತ್ತು. ಒಳಗಿನ ಬ್ಯಾಟರಿ ಉಬ್ಬಿ ಹೊಲಿಗೆ ಬಿಗಿದುಕೊಂಡಿತ್ತು. ಅವಳು ಅದನ್ನು ಒಂದು ಮೂಲೆಯಲ್ಲಿ ಹಿಡಿದು ಹೊರಗೊಯ್ದು ಅಂಗಳದ ಮಣ್ಣಿಗೆ ಎಸೆದಳು. ಎರಡು ನಿಮಿಷವಾಗಿರಲಿಲ್ಲ, ಬುಸ್ಸೆಂದು ಬಿಳಿ ಹೊಗೆಯೆದ್ದು ಬಟ್ಟೆ ಹೊತ್ತಿ ಉರಿಯಿತು.

ಬನಹಟ್ಟಿಯ ಮಲ್ಲಿನಾಥನ ಹೊಲಿಗೆ ಕೋಣೆಯಲ್ಲಿ ಇಂಥ ಹತ್ತು ಚಪ್ಪರಗಳು ತಯಾರಾಗಿದ್ದವು. ಒಂಬತ್ತು ಆಗಲೇ ಸುತ್ತಲಿನ ಊರುಗಳ ಹೊಲಗಳಿಗೆ ಹೋಗಿದ್ದವು. ಕಬ್ಬು ಕಡಿಯಲು ಬರುವ ಹೆಂಗಸರು, ಗಿಡದ ನೆರಳಿಲ್ಲದ ಹೊಲದಲ್ಲಿ ಮೂರು ಗಳ ನಿಲ್ಲಿಸಿ, ಸೀರೆಯ ಜೋಳಿಗೆ ಕಟ್ಟಿ ಕೂಸು ಮಲಗಿಸುತ್ತಾರೆ. ಆ ಜೋಳಿಗೆಯ ಮೇಲೆ ಕಟ್ಟುವ ಚಪ್ಪರ ಇದು. ಊರಿನ ಮಗ್ಗದ ದಪ್ಪ ಬಟ್ಟೆ, ಅದರ ಮೇಲೆ ತೆಳ್ಳನೆಯ ಸೋಲಾರ್ ಹಾಳೆ. ಕಾಗದಕ್ಕೆ ಅಕ್ಷರ ಅಚ್ಚು ಹಾಕಿದಂತೆ ಪ್ಲಾಸ್ಟಿಕ್ಕಿಗೆ ಅಚ್ಚು ಹಾಕಿದ ಆ ಹಾಳೆಯನ್ನು ಸುರುಳಿ ಸುತ್ತಬಹುದು, ಬಟ್ಟೆಗೆ ಸೇರಿಸಿ ಹೊಲಿಯಬಹುದು. ಬಿಸಿಲು ಬಿದ್ದರೆ ಕೂಸಿನ ಮೇಲೆ ಅಂಗೈಯಗಲದ ಫ್ಯಾನು ತಿರುಗುತ್ತದೆ.

ತಪ್ಪು ಎಲ್ಲಾಯಿತೆಂದು ವಂದನಾಗೆ ಗೊತ್ತಿತ್ತು. ಜೇಬು ಹೊಲಿದಾದ ಮೇಲೆ ಬ್ಯಾಟರಿ ತೂರಿಸಬೇಕು. ಶನಿವಾರ ಕರೆಂಟು ಹೋಗುವ ಹೊತ್ತಾಗಿತ್ತು. ಅವಸರದಲ್ಲಿ ಎರಡು ಚಪ್ಪರಗಳನ್ನು ಬ್ಯಾಟರಿ ಒಳಗಿಟ್ಟೇ ಹೊಲಿದುಬಿಟ್ಟಿದ್ದಳು. ಸೂಜಿ ತಾಗಿರಬೇಕು. ಒಂದು ಇಲ್ಲಿ ಉರಿಯುತ್ತಿತ್ತು. ಇನ್ನೊಂದು ನಿನ್ನೆಯೇ ರನ್ನ ಬೆಳಗಲಿಯ ಕಬ್ಬಿನ ಹೊಲಕ್ಕೆ ಹೋಗಿತ್ತು.

ಹೊಗೆ ಕಂಡು ಹೊರಗೆ ಬಂದ ಮಲ್ಲಿನಾಥ ಎಲ್ಲ ಕೇಳಿ ಹಣೆ ಒತ್ತಿಕೊಂಡ.

“ಬ್ಯಾಟರಿ ಮಾತು ಯಾರ ಮುಂದೂ ಆಡಬ್ಯಾಡ ತಂಗಿ. ಅಳತಿ ತಪ್ಪೇತಿ, ವಾಪಸ್ ಕೊಡ್ರಿ ಅಂತ ಹೇಳು. ನಾಳೆ ಸಕ್ಕರಿ ಫ್ಯಾಕ್ಟರಿಯವ್ರು ಮಾಲ ಖರೀದಿ ಮಾತಾಡಾಕ ಬರಾವ್ರು ಅದಾರ.”

“ಮೊದಲ ಫೋನ್ ಹಚ್ಚರಿ ಅಣ್ಣಾ!”

ಕಬ್ಬು ಕಡಿಯುವ ತಂಡದ ಮುಂದಾಳು ಮುತ್ತಪ್ಪ ಮೂರನೆಯ ಸಲಕ್ಕೆ ಫೋನೆತ್ತಿದ. ಅವನು ಟ್ರ್ಯಾಕ್ಟರ್ ತೆಗೆದುಕೊಂಡು ಸಕ್ಕರೆ ಕಾರ್ಖಾನೆಯ ಮುಂದೆ ಸಾಲಿನಲ್ಲಿ ನಿಂತಿದ್ದ.

“ಅದನ್ನ ಭಾಗವ್ವಗ ಕೊಟ್ಟೇನ್ರಿ. ನಾಕ ತಿಂಗಳ ಕೂಸು ಐತಿ. ಛಲೋ ಗಾಳಿ ಬರ್ತೈತಿ ಅಂತ ಬಾಳ ಖುಷಿ ಆಗ್ಯಾಳ.”

“ಈಗಿಂದೀಗ ಬಿಚ್ಚಾಕ ಹೇಳ್ರಿ!”

“ಅಲ್ಲಿದ್ದವ್ರ ಕಡೆ ಫೋನ್ ಇಲ್ರಿ. ಮುಂಜಾನಿ ಹೊಲಾನೂ ಬದಲ ಮಾಡ್ಯಾರ. ಕೆನಾಲ್ ದಾಟಿ ಎಡಕ್ಕ ಹೋಗ್ರಿ.”

ವಂದನಾಳ ಗಂಡ ಹಣಮಂತ ಪಕ್ಕದ ಓಣಿಯಲ್ಲೇ ಮಗ್ಗ ನಡೆಸುತ್ತಿದ್ದ. ಅವಳ ಮುಖ ನೋಡಿದವನೇ ಮಗ್ಗ ನಿಲ್ಲಿಸಿ ಬೈಕು ತೆಗೆದ. ಮಹಾಲಿಂಗಪುರದವರೆಗೂ ಕಬ್ಬು ತುಂಬಿದ ಟ್ರ್ಯಾಕ್ಟರುಗಳು. ಒಂದೊಂದಕ್ಕೂ ಎರಡೆರಡು ಟ್ರೇಲರು. ಹಿಂದೆ ಕುಳಿತ ವಂದನಾ ಆಕಾಶವನ್ನೇ ನೋಡುತ್ತಿದ್ದಳು. ಬಿಸಿಲು ಏರಿದಷ್ಟೂ ಆ ಹಾಳೆ ಬ್ಯಾಟರಿಗೆ ಕರೆಂಟು ತುಂಬುತ್ತಿರುತ್ತದೆ. ಒಂದು ತುಣುಕು ಮೋಡವೂ ಇರಲಿಲ್ಲ.

“ಜೋರಾಗಿ ಹೊಡೀರಿ.”

“ಇದಕ್ಕಿಂತ ಜೋರು ಹೊಡದ್ರ ನಾವ ಉಳಿಯಂಗಿಲ್ಲ,” ಅಂದ ಹಣಮಂತ. ಆದರೂ ವೇಗ ಹೆಚ್ಚಿಸಿದ.

ಕೆನಾಲ್ ದಾಟುತ್ತಿದ್ದಂತೆ ದೂರದ ಹೊಲದಿಂದ ಕಪ್ಪು ಹೊಗೆ ಏಳುವುದು ಕಂಡಿತು. ವಂದನಾ ಬೈಕು ನಿಲ್ಲುವ ಮೊದಲೇ ಇಳಿಯಹೋಗಿ ಮೊಣಕಾಲೂರಿ ಬಿದ್ದಳು. ನೀರು ಹಾಯಿಸುತ್ತಿದ್ದ ಮುದುಕನೊಬ್ಬ ಓಡಿ ಬಂದ.

“ಅಲ್ಲೇನಾಗೇತ್ರಿ ಅಜ್ಜಾರ?”

“ಏನಿಲ್ಲವ್ವಾ. ಅಪ್ಪಾಸಾಬ ತನ್ನ ಹೊಲದಾಗ ರವದಿ ಸುಡಾಕತ್ತಾನ. ಕಬ್ಬು ಕಡಿಯಾವ್ರು ಇತ್ಲಾಗ ಅದಾರ, ನೋಡ.”

ಅವನು ತೋರಿಸಿದ ಕಡೆ ಅವಳು ಓಡಿದಳು. ನೆಲದ ತುಂಬ ಕಬ್ಬಿನ ಒಣಗಿದ ಗರಿಗಳ ರವದಿ, ಮೊಣಕಾಲೆತ್ತರ. ಅದರ ನಡುವೆಯೇ ಮೂರು ಗಳ, ಜೋಳಿಗೆ, ಮೇಲೆ ಅವಳೇ ಹೊಲಿದ ನೀಲಿ ಚಪ್ಪರ. ಫ್ಯಾನು ತಿರುಗುತ್ತಲೇ ಇತ್ತು. ಕೂಸು ನಿದ್ದೆಯಲ್ಲಿತ್ತು. ಅದರ ತಲೆಯಿಂದ ಗೇಣುದೂರದಲ್ಲಿ ಜೇಬು ಉಬ್ಬಿ ನಿಂತಿತ್ತು.

ವಂದನಾ ಕೂಸನ್ನು ಎತ್ತಿ ಎದೆಗವಚಿಕೊಂಡು ಬದುವಿನತ್ತ ಓಡಿದಳು. ಕೂಸು ಕಿರುಚಿತು. ಸಾಲಿನ ನಡುವಿನಿಂದ ಕುಡಗೋಲು ಹಿಡಿದೇ ಒಬ್ಬಳು ನುಗ್ಗಿ ಬಂದಳು.

“ಯಾರಬೇ ನೀ? ನನ್ನ ಕೂಸು ಬಿಡ! ಬಿಡ ಅಂದ್ರ!”

“ತಗೋಳವ್ವಾ, ತಗೊಂಡು ದೂರ ಹೋಗು,” ಎಂದು ಕೂಸನ್ನು ಅವಳ ಕೈಗೆ ಹಾಕಿ ವಂದನಾ ಹಿಂದಕ್ಕೋಡಿದಳು. ಗಂಟುಗಳು ಬಿಗಿಯಾಗಿದ್ದವು. ಹಣಮಂತ ಒಂದು ಗಳವನ್ನೇ ಕಿತ್ತ. ಇಬ್ಬರೂ ಚಪ್ಪರವನ್ನು ಎಳೆದೊಯ್ದು, ರವದಿಯಿಲ್ಲದ ಬಂಡಿದಾರಿಯಲ್ಲಿ ಬಿಸಾಕಿ ದೂರ ಸರಿದರು.

ಏನೂ ಆಗಲಿಲ್ಲ. ಐದು ನಿಮಿಷ ಕಳೆಯಿತು, ಹತ್ತು ಕಳೆಯಿತು. ಬ್ಯಾಟರಿ ಉಬ್ಬಿಕೊಂಡೇ ಇತ್ತು, ಉರಿಯಲಿಲ್ಲ. ಸುತ್ತ ನೆರೆದವರು ಗಂಡ ಹೆಂಡಿರನ್ನು ಹುಚ್ಚರೆಂಬಂತೆ ನೋಡತೊಡಗಿದರು.

“ಮಲ್ಲಿನಾಥಣ್ಣ ಹೇಳಿದಂಗ ಅಳತಿ ತಪ್ಪೇತಿ ಅಂತ ಹೇಳಿ ನಡೀ,” ಎಂದು ಹಣಮಂತ ಮೆಲ್ಲಗೆ ಅಂದ. “ಏನೂ ಆಗಿಲ್ಲಲಾ.”

ವಂದನಾ ಕೂಸಿನ ಬೆನ್ನು ತಟ್ಟುತ್ತ ನಿಂತಿದ್ದ ಭಾಗವ್ವನೆದುರು ಹೋಗಿ ನಿಂತಳು.

“ನಾನ ಹೊಲದಾಕಿ. ಬ್ಯಾಟರಿಗೆ ಸೂಜಿ ಚುಚ್ಚೇತಿ. ಇಂಥಾದ ಇನ್ನೊಂದು ಮುಂಜಾನಿ ನನ್ನ ಕಣ್ಣ ಮುಂದ ಉರದೈತಿ. ತಪ್ಪು ನಂದ ಐತವ್ವಾ.”

ಭಾಗವ್ವ ಸುತ್ತಲಿನ ರವದಿ ನೋಡಿದಳು, ಜೋಳಿಗೆ ನೋಡಿದಳು. ಕೂಸನ್ನು ಇನ್ನಷ್ಟು ಒತ್ತಿಕೊಂಡಳು.

“ನಿನಗ ಮಕ್ಕಳದಾವು?”

“ಒಬ್ಬಾಕಿ ಅದಾಳ.”

“ಆಕೀನ ಮಲಗಿಸಿದ್ರ ಹಿಂಗ ಹೊಲೀತಿದ್ದಿ?”

ವಂದನಾ ಹೋಗಿ ಕಿತ್ತುಬಿದ್ದ ಗಳವನ್ನು ಎತ್ತಿ ನಿಲ್ಲಿಸಿದಳು.

ಮರುದಿನ ಫ್ಯಾಕ್ಟರಿಯವರ ಮುಂದೆಯೂ ಅವಳು ಸೂಜಿ ಚುಚ್ಚಿದ್ದನ್ನೇ ಹೇಳಿದಳು. ಅವರು ಮಾಲು ಬೇಡವೆಂದು ಎದ್ದು ಹೋದರು. ಮಲ್ಲಿನಾಥ ಎಂಟು ದಿನ ಅವಳೊಡನೆ ಮಾತು ಬಿಟ್ಟ. ಆದರೆ ಉಳಿದ ಎಂಟು ಚಪ್ಪರಗಳನ್ನು ತಾನೇ ಸಾವಳಗಿ, ಚಿಮ್ಮಡ ಅಂತ ಸುತ್ತಿ ವಾಪಸು ತಂದ. ಇಬ್ಬರೂ ಕೂತು ಎಲ್ಲವನ್ನೂ ಬಿಚ್ಚಿದರು. ಹೊಸ ಚಪ್ಪರದಲ್ಲಿ ಬ್ಯಾಟರಿಯೇ ಇರಲಿಲ್ಲ. ಬಿಸಿಲಿದ್ದಾಗ ಹಾಳೆಯಿಂದಲೇ ನೇರವಾಗಿ ಫ್ಯಾನು ತಿರುಗಬೇಕು, ಬಿಸಿಲಿಲ್ಲದಾಗ ನಿಲ್ಲಬೇಕು, ಅಷ್ಟೆ.

ಅದನ್ನು ಹಿಡಿದು ವಂದನಾ ಮತ್ತೆ ಬೆಳಗಲಿಗೆ ಹೋದಳು. ಭಾಗವ್ವ ಮುಟ್ಟಲಿಲ್ಲ. ವಂದನಾ ಖಾಲಿ ಜೋಳಿಗೆಯ ಮೇಲೆ ಚಪ್ಪರ ಕಟ್ಟಿ, ಅದರ ಕೆಳಗೆ ತಾನೇ ಕುಳಿತಳು. ಆಗಾಗ ಬಟ್ಟೆ ಮುಟ್ಟಿ ನೋಡುತ್ತ ಮಧ್ಯಾಹ್ನದವರೆಗೂ ಕುಳಿತೇ ಇದ್ದಳು. ಬುತ್ತಿ ಬಿಚ್ಚಿದಾಗ ಭಾಗವ್ವ ಬಂದು ಅವಳ ಕೈಗೆ ಒಂದು ರೊಟ್ಟಿ, ಅದರ ಮೇಲೆ ಖಾರದ ಹಿಂಡಿ ಚಟ್ನಿ ಇಟ್ಟಳು.

“ಉಣ್ಣು,” ಅಂದಳು.

ಕೂಸನ್ನು ಮಾತ್ರ ಬೆನ್ನಿಗೆ ಕಟ್ಟಿಕೊಂಡೇ ಕಬ್ಬಿನ ಸಾಲಿಗೆ ನಡೆದಳು.