ಒಂದು ನಿಮಿಷದ ಓಟ

ಮಫ್ಲರು, ಏಪ್ರಿಲ್ ತಿಂಗಳಲ್ಲಿ ಕಿವಿಗೆ ಮಫ್ಲರು, ಈ ಮನುಷ್ಯ ತನ್ನ ಹೊಟ್ಟೆಯನ್ನು ತಳ್ಳುಗಾಡಿಯ ಹಾಗೆ ಎದುರಿಗೆ ನೂಕಿಕೊಂಡು ಒಂದು ಸುತ್ತು ಮುಗಿಸುವಷ್ಟರಲ್ಲಿ ಮೊದಲಿನ ನಾನಾಗಿದ್ದರೆ ನಾಲ್ಕು ಸುತ್ತು — ಬೇಡ, ಆ ಮಾತು ಬೇಡ, ವಾಚು ನೋಡು ಸುಧಾರಾಣಿ, ನಡಿಗೆ ಇನ್ನೂ ಮೂರು ನಿಮಿಷ ಇದೆ, ಹಾವೇರಿಯ ಇದೇ ಮೈದಾನದಲ್ಲಿ ಹತ್ತು ಸಾವಿರ ಮೀಟರ್ ಓಡಿದವಳು ಈಗ ಪಿಂಚಣಿದಾರರ ಸಾಲಿನಲ್ಲಿ ಕೈ ಬೀಸಿಕೊಂಡು ನಡಿ. ನಾಲ್ಕು ನಿಮಿಷ ನಡೀರಿ, ಒಂದು ನಿಮಿಷ ಓಡ್ರಿ, ಹಿಂಗ ಐದು ಸಲ ಅಂತ ನಿನ್ನೆ ರಾಣೆಬೆನ್ನೂರಿನಲ್ಲಿ ಫಿಸಿಯೋಥೆರಪಿಯ ಶೀಲಾ ಮೇಡಂ ಚೀಟಿಯಲ್ಲಿ ಬರೆದುಕೊಟ್ಟರು, ಆ ಮೇಡಂ ಬಸ್ ಹಿಡಿಯುವುದಕ್ಕೂ ಓಡಿದವರಲ್ಲ, ಓಡೂಮುಂದ ಮಾತಾಡಾಕ ಬರಬೇಕ್ರಿ, ಅಷ್ಟು ಸಾವಕಾಶ, ನೋವು ಹತ್ತರಾಗ ಮೂರು ದಾಟಿದ್ರ ನಿಂದರ್ರಿ. ನೋವಿಗೆ ಅಂಕ ಕೊಡಬೇಕಂತೆ, ನಾನು ಶಾಲೆಯಲ್ಲಿ ಮಕ್ಕಳ ಲಾಂಗ್ ಜಂಪಿಗೆ ಕೊಡುವ ಹಾಗೆ. ಎಂಟು ತಿಂಗಳು ಇದೇ ಆಟ, ಗೋಡೆಗೆ ಬೆನ್ನು ಹಚ್ಚಿ ಅರ್ಧ ಕೂರುವುದು, ಕಾಲಿಗೆ ರಬ್ಬರ್ ಪಟ್ಟಿ ಸುತ್ತಿಕೊಂಡು ಏಡಿಯ ಹಾಗೆ ಅಡ್ಡಡ್ಡ ನಡೆಯುವುದು, ಒಂದೇ ಮೆಟ್ಟಿಲನ್ನು ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು, ಎಲ್ಲಿಗೂ ಹೋಗದ ಮೆಟ್ಟಿಲು. ಬ್ಯಾಡಗಿಯಿಂದ ಸೋದರಮಾವ ಬಂದ, ಮೆಣಸಿನಕಾಯಿ ವ್ಯಾಪಾರಿ, ಸೀನುತ್ತಲೇ ಒಳಗೆ ಬಂದ, ಔಡಲ ಎಣ್ಣೆಯ ಬಾಟಲಿ ತಂದಿದ್ದ, ಹೆಣ್ಣುಮಗಳು ಓಡಿ ಎಲ್ಲಿಗೆ ಹೋಗಬೇಕಾಗೇತಿ ಅಂತ ಅವ್ವನನ್ನು ಕೇಳಿದ, ನನ್ನನ್ನಲ್ಲ, ಮನೆಯಿಂದ ಅಂಗಡಿಗೆ ನೂರು ಹೆಜ್ಜೆ, ಅದಕ್ಕೂ ಸ್ಕೂಟರ್ ಹತ್ತುವ ಮನುಷ್ಯ. ಅವ್ವ ಎಣ್ಣೆ ಹಚ್ಚಿದಳು, ನಾನು ಕಾಲು ಚಾಚಿ ಕೂತಿದ್ದೆ, ಮೊಣಕಾಲು ಫಳಫಳ ಹೊಳೆಯಿತು, ಅಷ್ಟೇ. ಇವರೆಲ್ಲರಿಗಿಂತ ಸಲಾವುದ್ದೀನ ಸರ್ ಮೇಲೆ ಹೆಚ್ಚು ಸಿಟ್ಟು, ಹನ್ನೆರಡು ವರ್ಷ ನನ್ನನ್ನು ಓಡಿಸಿದವರು, ಒಮ್ಮೆಯೂ ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ದಾವಣಗೆರೆಯಲ್ಲಿ ಕೊನೆಯ ಐದು ಸುತ್ತು ಮೊಣಕಾಲ ಚಿಪ್ಪಿನ ಹಿಂದೆ ಗಾಜಿನ ಚೂರು ಆಡಿದ ಹಾಗೆ ಆಗುತ್ತಿದ್ದರೂ ನಾನು ನಿಲ್ಲಲಿಲ್ಲ, ಮೂರನೆಯವಳಾಗಿ ಬಂದೆ, ಮೂರು ವಾರ ಓಡಬ್ಯಾಡ ತಂಗಿ ಅಂದರು, ಹ್ಞೂಂ ಅಂದೆ, ಹದಿನೆಂಟನೆಯ ದಿನ ಬೆಳಿಗ್ಗೆ ಯಾರಿಗೂ ಹೇಳದೆ ಕರ್ಜಗಿ ರಸ್ತೆ ಹಿಡಿದೆ, ಹಿಂದಿನ ದಿನ ಮಳೆಯಾಗಿತ್ತು, ಡಾಂಬರಿನ ಅಂಚಿಗೆಲ್ಲ ಎರೆಮಣ್ಣು, ಐದು ಕಿಲೋಮೀಟರ್ ಏನೂ ಇಲ್ಲ, ನೋಡಿದ್ರಾ ಸರ್ ಏನೂ ಇಲ್ಲ ಅನ್ನುತ್ತ ನಗುತ್ತ ಓಡುತ್ತಿದ್ದೇನೆ, ಆರನೆಯದರಲ್ಲಿ ಒಳಗೆ ಏನೋ ಕಳಚಿದಂತಾಯಿತು, ವಾಪಸ್ ಬಂದದ್ದು ಯಾರದೋ ಬೈಕಿನ ಮೇಲೆ, ಹಾಲಿನ ಕ್ಯಾನುಗಳ ನಡುವೆ. ಬಾತ್‌ರೂಮಿನಲ್ಲಿ ಜಾರಿದೆ ಅಂದೆ. ಸರ್ ಹೆಬ್ಬೆರಳಿನಿಂದ ಬಾವು ಒತ್ತಿ ನೋಡಿದರು, ಆಮೇಲೆ ಬಾಗಿಲ ಬಳಿ ಬಿಟ್ಟಿದ್ದ ನನ್ನ ಬೂಟುಗಳನ್ನು ನೋಡಿದರು, ಅಟ್ಟೆಯ ತುಂಬ ಕಪ್ಪು ಮಣ್ಣು. ಬಾತ್‌ರೂಮಿನ್ಯಾಗ ಬೂಟು ಹಾಕ್ಕೊಂಡು ಜಾರಿದ್ಯೇನ ತಂಗಿ. ಅಷ್ಟೇ ಕೇಳಿದರು. ಎದ್ದು ಹೋದರು. ಆವತ್ತಿನಿಂದ ಫೋನ್ ಮಾಡಿದರೆ ಹೆಂಗದ ಕಾಲು ಅಂತಷ್ಟೇ, ಎಂಟು ತಿಂಗಳು ಹೆಂಗದ ಕಾಲು, ಹೆಂಗದ ಕಾಲು, ಬೇರೆ ಮಾತೇ ಬಾರದ ಮನುಷ್ಯ.

ವಾಚು ಕೂಗಿತು. ಓಡು. ಇದಕ್ಕೆ ಓಟ ಅನ್ನುತ್ತಾರೆಯೇ, ನಿಂತಲ್ಲೇ ಕುಣಿಯುವ ಮೆರವಣಿಗೆಯ ಕುದುರೆಯ ಹಾಗೆ, ನೋವು ಒಂದು, ಒಂದೂವರೆ, ಮಾತಾಡಲು ಬರಬೇಕಂತೆ, ಯಾರ ಜೊತೆ ಮಾತಾಡಲಿ — ಹಿಂದಿನಿಂದ ಪಟಪಟ ಬರಿಗಾಲ ಸದ್ದು, ಹತ್ತಿರ ಬಂತು, ಪಕ್ಕಕ್ಕೇ ಬಂತು, ಸೋಮವ್ವ, ಮೈದಾನದ ಕಸ ಗುಡಿಸುವ ಸೋಮವ್ವ, ಅರವತ್ತು ದಾಟಿದವಳು, ಕಂಕುಳಲ್ಲಿ ಕಸಬರಿಗೆ, ಆ ತುದಿಯಿಂದ ಈ ತುದಿಗೆ ಹೊರಟಿದ್ದಾಳೆ, ನಡೆಯುತ್ತಿದ್ದಾಳೆ, ಓಡುತ್ತಿರುವವಳು ನಾನು, ನಡೆಯುತ್ತಿರುವವಳು ಅವಳು. ಕಾಲು ಇನ್ನಾ ಆರಾಮಾಗಿಲ್ಲೇನವ್ವಾ, ಅಂದಳು, ಹಗುರಕ ಬಾ, ಯಾರೂ ಬೆನ್ನು ಹತ್ತಿಲ್ಲ. ಅಂದು ಮುಂದೆ ಹೋದಳು. ನನ್ನನ್ನು ದಾಟಿ ಮುಂದೆ ಹೋದಳು. ಹನ್ನೆರಡು ವರ್ಷ ಈ ಮೈದಾನದಲ್ಲಿ ಯಾರ ಹಿಮ್ಮಡಿಯನ್ನೂ ಇಷ್ಟು ಹತ್ತಿರದಿಂದ ನೋಡಿದವಳಲ್ಲ ನಾನು, ಎಲ್ಲರೂ ನನ್ನದನ್ನು ನೋಡಿದವರು. ಹತ್ತು ಹೆಜ್ಜೆ ಸಾಕು, ಹತ್ತೇ ಹೆಜ್ಜೆಯಲ್ಲಿ ಹಿಂದೆ ಹಾಕಬಲ್ಲೆ, ತೊಡೆ ನನ್ನನ್ನು ಕೇಳದೆ ಬಿಗಿಯಿತು, ಕರ್ಜಗಿ ರಸ್ತೆಯಲ್ಲಿಯೂ ಹೀಗೇ ಬಿಗಿದಿತ್ತು, ಇನ್ನು ಇಪ್ಪತ್ತು ಸೆಕೆಂಡು, ನೋವು ಎರಡು, ಖರೇನೇ ಎರಡೋ, ಸರ್‌ಗೆ ಬಾತ್‌ರೂಮು ಅಂದ ಹಾಗೆ ಎರಡೋ, ಇಲ್ಲಿ ಯಾರೂ ಕೇಳುತ್ತಿಲ್ಲ, ಸುಳ್ಳು ಹೇಳುವುದಾದರೂ ಯಾರಿಗೆ. ಎರಡು. ಖರೇನೇ ಎರಡು. ಹಾಗಿದ್ದರೆ ಸುಮ್ಮನೆ ಬಾ, ಹಗುರಕ ಬಾ, ಅವಳ ಹಿಂದೆಯೇ ಬಾ, ನೋಡಲಿ ಎಲ್ಲರೂ, ಮಫ್ಲರಿನವನೂ ನೋಡಲಿ. ಒಡೆದ ಹಿಮ್ಮಡಿ, ಕಪ್ಪು ಗೆರೆಗಳು, ಒಂದು ಗೆರೆಯಲ್ಲಿ ಒಣಹುಲ್ಲಿನ ಎಳೆ ಸಿಕ್ಕಿಕೊಂಡಿದೆ, ಅವಳಿಗದು ಗೊತ್ತಿಲ್ಲ, ಏಳುತ್ತದೆ, ಊರುತ್ತದೆ, ವಾಚು ಕೂಗಿತು, ನಿಂತೆ, ನಡೆದೆ, ಅವಳು ದೂರವಾಗುತ್ತಿದ್ದಾಳೆ, ಹಿಮ್ಮಡಿ ಏಳುತ್ತದೆ, ಹುಲ್ಲಿನ ಎಳೆ, ಊರುತ್ತದೆ, ಏಳುತ್ತದೆ, ಹುಲ್ಲಿನ ಎಳೆ, ಹಿಮ್ಮಡಿ, ಆ ಹಿಮ್ಮಡಿ