ಬೀರುವಿನ ಹಿಂದಿನ ಗೋಡೆ

ಬಣ್ಣದ ಮೇಸ್ತ್ರಿಯ ಕೈಯಲ್ಲಿ ಮೂವತ್ತು ವರ್ಷದಿಂದ ಒಂದೇ ಒಂದು ತಪ್ಪೂ ಆಗಿರಲಿಲ್ಲ. ಹಾಗಂತ ಅವರೇ ಹೇಳಿಕೊಂಡು ತಿರುಗುತ್ತಿದ್ದರು, ನಂಬುವುದು ಬಿಡುವುದು ಕೇಳಿದವರಿಗೆ ಬಿಟ್ಟದ್ದು. ಬಣ್ಣ ಸುಲಿದರೆ ತಪ್ಪು ಡಬ್ಬಿಯದು, ಗೋಡೆ ಬಿರಿದರೆ ಕಟ್ಟಿದವನದು. ಇಂಥ ಮನುಷ್ಯನಿಗೆ ಒಂದು ಭಾನುವಾರ ಬೆಳಿಗ್ಗೆ ಫೋನು ಬಂತು.

"ಮೇಸ್ತ್ರಿ, ಹೋದ ವರ್ಷ ನೀವು ಬಣ್ಣ ಹೊಡೆದ ನಮ್ಮಮ್ಮನ ರೂಮಿಗೆ ಮತ್ತೆ ಬೂಷ್ಟು ಹಿಡಿದಿದೆ. ಐದು ವರ್ಷ ಏನೂ ಆಗಲ್ಲ ಅಂದಿದ್ರಲ್ಲ?"

ಮೇಸ್ತ್ರಿಗೆ ಮೈಯೆಲ್ಲ ಉರಿದುಹೋಯಿತು. ತಪ್ಪು ತಮ್ಮದಲ್ಲ ಅಂತ ತೋರಿಸಿಯೇ ಬರಬೇಕು ಎಂದುಕೊಂಡು, ಬಕೆಟ್ಟು ಬ್ರಷ್ಷುಗಳನ್ನು ಸ್ಕೂಟರಿಗೆ ನೇತುಹಾಕಿ ಹೊರಟರು.

ಚಿಕ್ಕ ರೂಮು. ಕಿಟಕಿ ಭದ್ರವಾಗಿ ಮುಚ್ಚಿತ್ತು, ಒಳಗೆಲ್ಲ ಮುಗ್ಗಲು ವಾಸನೆ. ಮಂಚದ ತುದಿಯಲ್ಲಿ ಅಜ್ಜಿ, ಓದದೇ ಪರೀಕ್ಷೆಗೆ ಬಂದ ಹುಡುಗಿಯ ಹಾಗೆ ಮುದುಡಿ ಕೂತಿದ್ದರು. ಮೇಸ್ತ್ರಿ ಗೋಡೆಯನ್ನು ತಟ್ಟಿದರು, ಮೂಸಿದರು. ತಾರಸಿ ಸೋರಿದ್ದರೆ ಮೇಲಿನಿಂದ ಕಂದು ಕಲೆ ಇಳಿಯಬೇಕಿತ್ತು. ನೆಲದಿಂದ ನೀರು ಏರಿದ್ದರೆ ಬುಡದಲ್ಲಿ ಬಿಳಿ ಉಪ್ಪು ಕಾಣಬೇಕಿತ್ತು. ಎರಡೂ ಇಲ್ಲ. ಮೂಲೆಯಲ್ಲಿ ಮತ್ತು ಬೀರುವಿನ ಅಂಚಿನಲ್ಲಿ ಮಾತ್ರ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕಿಗಳು.

"ತೇವ ಹೊರಗಿಂದ ಬಂದಿಲ್ಲ, ಈ ರೂಮಲ್ಲೇ ಹುಟ್ಟಿದೆ," ಅಂದರು ಗೆದ್ದವರ ದನಿಯಲ್ಲಿ. "ಇಲ್ಲಿ ಯಾರಾದ್ರೂ ಒದ್ದೆ ಬಟ್ಟೆ ಒಣಗಿಸ್ತೀರಾ?"

"ಇಲ್ಲ ಮೇಸ್ತ್ರಿ, ಯಾರೂ ಇಲ್ಲ," ಅಂದಳು ಬಾಗಿಲಲ್ಲಿ ನಿಂತಿದ್ದ ಸೊಸೆ, ಅವರು ಕೇಳಿ ಮುಗಿಸುವ ಮೊದಲೇ. "ಒಣಗಿಸೋಕೆ ತಾರಸಿ ಇದೆಯಲ್ಲ." ಅಷ್ಟು ಹೇಳಿ ಒಲೆ ಮೇಲೆ ಹಾಲಿದೆ ಅಂತ ಹೋಗಿಬಿಟ್ಟಳು.

ಮೇಸ್ತ್ರಿ ಬೀರುವಿಗೆ ಕೈ ಹಾಕಿದರು. "ಬೇಡಪ್ಪಾ, ಭಾರ ಇದೆ," ಎಂದು ಅಜ್ಜಿ ಅನ್ನುತ್ತಿದ್ದರೂ ಎಳೆದೇಬಿಟ್ಟರು. ಹಿಂದುಗಡೆ ಎರಡು ಮೊಳೆಗೆ ಕಟ್ಟಿದ ಹಗ್ಗ, ಹಗ್ಗದ ಮೇಲೆ ಮಡಚಿ ಹಾಕಿದ ಬೆಡ್‌ಶೀಟು. ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

ಒಂದು ಕೂಗು ಹಾಕಿ, ಫೋನು ಮಾಡಿದ್ದ ಅಜ್ಜಿಯ ಮಗನನ್ನು ಕರೆದಿದ್ದರೆ ಸಾಕಿತ್ತು, ಮೇಸ್ತ್ರಿಯ ಹೆಸರು ಉಳಿಯುತ್ತಿತ್ತು. ಬಾಯಿ ತೆರೆದೂ ಆಗಿತ್ತು.

"ಕೂಗಬೇಡಪ್ಪಾ," ಅಂದರು ಅಜ್ಜಿ, ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ. "ಆರು ತಿಂಗಳಾಯ್ತು. ನಿದ್ದೇಲಿ ಗೊತ್ತೇ ಆಗಲ್ಲ, ಎದ್ದರೆ ಹಾಸಿಗೆ ಒದ್ದೆ. ಬಚ್ಚಲಲ್ಲಿ ನಾನೇ ಒಗೆದು ಇಲ್ಲಿ ಹಾಕ್ತೀನಿ. ಯಾರೂ ನೋಡಬಾರ್ದು ಅಂತ ಕಿಟಕಿ ತೆಗೆಯಲ್ಲ."

"ಸೊಸೆ ಬೈತಾರಾ?"

"ಬೈಯೋಳಾಗಿದ್ರೆ ನಂಗೇನು ಚಿಂತೆ? ಬಂಗಾರದಂಥ ಹುಡುಗಿ. ಅವಳ ಎದುರಿಗೆ ಸಣ್ಣವಳಾಗೋಕೆ ನನ್ನ ಕೈಲಿ ಆಗಲ್ಲಪ್ಪ."

ಮೇಸ್ತ್ರಿ ಅಜ್ಜಿಯ ಕೈಗಳನ್ನು ನೋಡಿದರು. ಅಜ್ಜಿಯಲ್ಲಿ ತಮ್ಮ ತಾಯಿಯನ್ನು ಕಂಡರು ಅಂದರೆ ಸುಳ್ಳಾದೀತು. ಅವರ ತಾಯಿ ಗಟ್ಟಿಗಿತ್ತಿ, ಯಾರಿಗೂ ಹೆದರಿದವಳಲ್ಲ. ಗಂಟು ಬಿದ್ದ ಆ ಬೆರಳುಗಳಲ್ಲಿ ಅಷ್ಟು ದಪ್ಪ ಬಟ್ಟೆಯನ್ನು ದಿನಾ ಹಿಂಡುತ್ತಾರಲ್ಲ ಎಂದು ಸಂಕಟವಾಯಿತು, ಅಷ್ಟೇ.

ಹಜಾರದಲ್ಲಿ ಮಗನ ಹೆಜ್ಜೆ ಸದ್ದಾಯಿತು. ಮೇಸ್ತ್ರಿ ಬೆಡ್‌ಶೀಟನ್ನು ಸರಕ್ಕನೆ ಎಳೆದು ಗೋಡೆ ಒರೆಸಲು ಸೋಪಿನ ನೀರು ತುಂಬಿಟ್ಟಿದ್ದ ತಮ್ಮ ಬಕೆಟ್ಟಿಗೆ ತುರುಕಿದರು.

"ಏನ್ರೀ, ಕಾರಣ ಸಿಕ್ತಾ?"

ಮೇಸ್ತ್ರಿ ಬಕೆಟ್ಟನ್ನು ಕಾಲಿನಿಂದ ಹಿಂದಕ್ಕೆ ಸರಿಸಿದರು. ಆಡಿ ಅಭ್ಯಾಸವಿಲ್ಲದ ಮಾತು, ನಾಲಿಗೆ ತಡವರಿಸಿತು. "ತಪ್ಪು ನಂದೇ ಸಾರ್. ಗೋಡೆ ಪೂರ್ತಿ ಒಣಗೋ ಮೊದಲೇ ಬಣ್ಣ ಹೊಡೆದುಬಿಟ್ಟೆ."

ಮಗ ಸಿಕ್ಕಿದ್ದೇ ಸಮಯ ಅಂತ ಚೆನ್ನಾಗಿ ಜಾಡಿಸಿದ. ಮೇಸ್ತ್ರಿ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡು, ಆಮೇಲೆ ಸೊಸೆಯನ್ನೂ ಕರೆಸಿ ಡಾಕ್ಟರ ಗತ್ತಿನಲ್ಲಿ ಶುರುಮಾಡಿದರು.

"ಒಣ ಬ್ರಷ್ಷಲ್ಲಿ ಉಜ್ಜಿದ್ರೆ ಬೂಷ್ಟು ರೂಮೆಲ್ಲ ಹಾರುತ್ತೆ. ಸೋಪಿನ ನೀರಲ್ಲಿ ಒರೆಸಿ ತೆಗೀತೀನಿ. ಎರಡು ದಿನ ಫ್ಯಾನು ಹಾಕಿ ಒಣಗಿಸಿ, ಆಮೇಲೇ ಬಣ್ಣ. ಬೀರು ಗೋಡೆಯಿಂದ ಒಂದು ಗೇಣು ದೂರ ಇರ್ಲಿ. ಬೆಳಿಗ್ಗೆ ಸಂಜೆ ಕಿಟಕಿ ತೆಗೀರಿ. ಇನ್ನೊಂದು ಮುಖ್ಯವಾದ್ದು. ಬೂಷ್ಟು ಬಟ್ಟೆಗೂ ಹತ್ತುತ್ತೆ. ಈ ಮಂಚದ ಬೆಡ್‌ಶೀಟು ದಿನಾ ಒಗೆದು ತಾರಸಿ ಬಿಸಿಲಿಗೆ ಹಾಕ್ಬೇಕು. ಹಾಸಿಗೆ ಮೇಲೊಂದು ರಬ್ಬರ್ ಶೀಟು ಹಾಸ್ಬೇಕು. ಇವತ್ತಿಂದು ನಾನೇ ನೆನೆ ಹಾಕಿದೀನಿ, ತಗೊಳ್ಳಿ ತಾಯಿ."

"ದಿನಾ ಒಗೀಬೇಕಾ?" ಮಗ ಹುಬ್ಬೇರಿಸಿದ. "ಎಷ್ಟು ದಿನ?"

"ಬಣ್ಣ ಇರೋ ತನಕ ಸಾರ್."

ಸೊಸೆ ಬಕೆಟ್ಟು ಇಸಕೊಂಡು, "ಆಗಲಿ, ಮೆಷಿನ್ನಿಗೆ ಹಾಕ್ತೀನಿ," ಅಂದಳು. ಅಜ್ಜಿ ಮಾತ್ರ ಕಿಟಕಿಯ ಕಡೆ ತಿರುಗಿ, ಬಹಳ ಹೊತ್ತು ಚಿಲಕ ತೆಗೆಯುತ್ತಲೇ ಇದ್ದರು.

ಗೋಡೆ ಒರೆಸಿ ಮುಗಿಸಿ, ಮಧ್ಯಾಹ್ನ ಮೇಸ್ತ್ರಿ ಸ್ಕೂಟರು ಹತ್ತುವಾಗ ಸೊಸೆ ಗೇಟಿನ ತನಕ ಓಡಿಬಂದಳು. ಅತ್ತು ಮುಖ ತೊಳೆದುಕೊಂಡಿದ್ದು ಕಾಣುತ್ತಿತ್ತು.

"ರಬ್ಬರ್ ಶೀಟು ತಂದು ಮೂರು ತಿಂಗಳಾಯ್ತು ಮೇಸ್ತ್ರಿ," ಅಂದಳು. "ನನ್ನ ಬಟ್ಟೆಗಳ ಕೆಳಗೆ ಬಚ್ಚಿಟ್ಟಿದ್ದೆ. ಅತ್ತೆಗೆ ಹೇಗೆ ಕೊಡೋದು ಅಂತ ಗೊತ್ತಾಗ್ತಿರ್ಲಿಲ್ಲ. ಈಗ ತಾನೆ ಹಾಸಿ ಬಂದೆ."