ದೊಡ್ಡ ಸಿಂಬೆ

"ಉದ್ದಕ್ಕೆ ತೋಡ್ಲೋ, ಆಳಕ್ಕೆ ತೋಡ್ಲೋ?" ಎನ್ನುತ್ತ ಗಂಗುಲಪ್ಪ ಹೆಗಲಿನ ಗುದ್ದಲಿಯನ್ನು ಅಂಗಳದಲ್ಲಿ ಇಳಿಸಿದ. "ಚೆಪ್ಪಂಡಿ ಸಾಮೀ, ಈಗ್ಲೇ ಹೇಳ್ಬುಡಿ. ಸ್ಮಶಾನದ ನೆಲ ಬಲು ಗಟ್ಟಿ, ಆಮೇಲೆ ತಿದ್ದಾಕಾಗಲ್ಲ."

ಕೇಳಬೇಕಾದ ಮಾತೇ ಅಲ್ಲ ಅದು. ಲಿಂಗ ಕಟ್ಟಿದವರ ಮನೆಯಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವುದು. ಗುಂಡಿ ಆಳಕ್ಕೇ ಇರಬೇಕು. ಆದರೆ ಒಳಗೆ ಚಾಪೆಯ ಮೇಲೆ ಮಲಗಿದ್ದ ತಿಪ್ಪೇರುದ್ರಪ್ಪ ಕೂತದ್ದನ್ನು ಹಿಂದೂಪುರದಲ್ಲಿ ಯಾರೂ ಕಂಡಿರಲಿಲ್ಲ. ಹುಣಸೆಹಣ್ಣಿನ ಮಂಡಿಯಲ್ಲಿ ನಿಂತೇ ತೂಗುತ್ತಿದ್ದ, ನಿಂತೇ ಮಾತಾಡುತ್ತಿದ್ದ. ಹರಕೆ ಹೊತ್ತವನೆಂದು ಊರೆಲ್ಲ ಅವನನ್ನು ನಿಂತ ರುದ್ರಪ್ಪ ಎನ್ನುತ್ತಿತ್ತು. ಇವತ್ತು ಬೆಳಿಗ್ಗೆ ತಕ್ಕಡಿ ಹಿಡಿದು ನಿಂತಿದ್ದಾಗಲೇ ಬಿದ್ದುಹೋದ.

"ನಿಂತೇ ಪ್ರಾಣ ಬಿಟ್ಬುಟ್ಟ ಕಣಮ್ಮ," ಎಂದ ಪೇಟೆಯ ಹಿರಿಯ ದೊಡ್ಡಬಸಪ್ಪ. "ಬದುಕಿದ್ದಾಗ ಕೂರ್ದೇ ಇದ್ದೋನ್ನ ಸತ್ತ ಮ್ಯಾಲೆ ಕೂರ್ಸಿ ಹರಕೆ ಮುರಿಯೋದಾ? ಉದ್ದಕ್ಕೆ ಮಲಗಿಸಾನ. ಮಠದ ಅಯ್ಯನೋರೂ ಆಗ್ಲಿ ಅಂದವ್ರೆ. ನೀನೇನಂತೀಯ?"

ಬೆಳಗಿನಿಂದ ಹೆಂಡತಿ ಪಂಪಮ್ಮನ ಕಣ್ಣಿಗೆ ನೀರು ಬಂದಿರಲಿಲ್ಲ. ಸುತ್ತ ಹೆಂಗಸರು ಅಳುತ್ತಿದ್ದರೆ, ಪಕ್ಕದ ಬೀದಿಯಲ್ಲಿ ಇನ್ನಾರೋ ಸತ್ತಿದ್ದಾರೆ ಅನ್ನಿಸುತ್ತಿತ್ತು. ಎದೆಯೊಳಗೆ ಕೈ ಹಾಕಿದರೂ ಏನೂ ಸಿಗದಂತಿತ್ತು.

"ಬಿರ್ನೆ ಹೇಳಕ್ಕ, ಮೈ ಸೆಟ್ಕೊಂಡ್ರೆ ಕೂರ್ಸಾಕೂ ಆಗಲ್ಲ," ಎಂದ ಅವಳ ತಮ್ಮ ಮರುಳಪ್ಪ. ಕಲ್ಯಾಣದುರ್ಗದಿಂದ ನಿನ್ನೆ ತಾನೆ ಬಂದಿದ್ದ. ಆಮೇಲೆ ಅವಳ ಕಿವಿಯ ಹತ್ತಿರ ಬಗ್ಗಿ, "ಮಲಗಿಸ್ಲಿ ಬಿಡು. ಮರ್ಯಾದೆ ಉಳೀತದೆ," ಎಂದ.

ನಿಜ ಗೊತ್ತಿದ್ದುದು ಅವರಿಬ್ಬರಿಗೆ ಮಾತ್ರ.

*

ಅದು ಹರಕೆಯಲ್ಲ, ಭಗಂದರ. ಕೂರುವ ಜಾಗದ ಪಕ್ಕದಲ್ಲಿ ಕುರುವೆದ್ದು, ಒಡೆದು, ಒಳಗೆ ಕರುಳಿನವರೆಗೂ ದಾರಿ ಮಾಡಿಕೊಂಡಿತ್ತು. ಮಾಯಿತೆನ್ನುವಷ್ಟರಲ್ಲಿ ಮತ್ತೆ ಕೀವು. ಇಂಥ ರೋಗವನ್ನು ಯಾರ ಮುಂದೆ ಹೇಳಿಕೊಳ್ಳುವುದು? ಕೈಯೋ ಕಾಲೋ ಆದರೆ ತೋರಿಸಬಹುದು. ಚಿಲಮತ್ತೂರಿನ ರೈತನೊಬ್ಬ ಗಾದಿಯ ಮೇಲೆ ಯಾಕೆ ಕೂರುವುದಿಲ್ಲವೆಂದು ಕೇಳಿದಾಗ ರುದ್ರಪ್ಪ ನಾಚಿಕೊಂಡು, "ಏನೋ ಹರಕೆ ಕಣಪ್ಪ," ಎಂದುಬಿಟ್ಟ. ಹರಕೆ ಹೊತ್ತವನು ತೂಕದಲ್ಲಿ ಮೋಸ ಮಾಡುವುದಿಲ್ಲವೆಂದು ಗಾಡಿಗಳೆಲ್ಲ ಅವನ ಮಂಡಿಗೇ ತಿರುಗಿದವು. ಸುಳ್ಳು ಕೈ ಹಿಡಿಯಿತು, ಹಿಡಿದದ್ದು ಬಿಡಲಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ವರ್ಷ ಪಂಪಮ್ಮನೇ ಹಟ ಮಾಡಿದಳು. "ತವರಿಗೆ ಹೋಯ್ತೀವಿ" ಎಂದು ಬೀದಿಗೆಲ್ಲ ಹೇಳಿ ಬೆಂಗಳೂರಿನ ರೈಲು ಹತ್ತಿಸಿದಳು. ಜಾಗವಿದ್ದರೂ ಅವನು ದಾರಿಯುದ್ದಕ್ಕೂ ನಿಂತೇ ಇದ್ದ. ಆಸ್ಪತ್ರೆಯ ಡಾಕ್ಟರು ಒಳಗಿನ ಆ ದಾರಿಯನ್ನು ಸೀಳಿ ತೆರೆದು, ಹೊಲಿಗೆ ಹಾಕದೆ ಬಿಟ್ಟರು.

"ತಳದಿಂದ ಮಾಯ್ಕೊಂಡು ಬರಬೇಕಮ್ಮ," ಎಂದರು. "ಮೇಲೆ ಬೇಗ ಮುಚ್ಚಿದರೆ ಒಳಗೆ ಮತ್ತೆ ಅದೇ ಕತೆ."

ಆಮೇಲೆ ಕಲ್ಯಾಣದುರ್ಗ. ಮರುಳಪ್ಪನ ಹಿತ್ತಿಲ ಕೋಣೆಯಲ್ಲಿ ಬಾಣಂತಿಯಂತೆ ಇದ್ದ. ಪಂಪಮ್ಮ ಬಿಸಿನೀರಿನ ತೊಟ್ಟಿಗೆ ಉಪ್ಪು ಹಾಕಿ ಅವನನ್ನು ಕೂರಿಸುವಳು, ಗಾಯದ ಬಟ್ಟೆ ಬದಲಿಸುವಳು. ಹೆಂಗಸರು ಕೊಡ ಹೊರುವಾಗ ತಲೆಗೆ ಇಟ್ಟುಕೊಳ್ಳುವ ಸಿಂಬೆಯನ್ನೇ ದೊಡ್ಡದಾಗಿ, ತನ್ನ ಹಳೇ ಸೀರೆಗಳನ್ನು ಹೊಸೆದು ಸುತ್ತಿ ಮಾಡಿದಳು. ನಡುವೆ ಟೊಳ್ಳು, ಗಾಯ ಎಲ್ಲಿಗೂ ತಾಗುವಂತಿಲ್ಲ.

ಮೊದಲ ದಿನ ಅದರ ಮೇಲೆ ಕೂತು, "ನೋವಿಲ್ಲ ಕಣೆ," ಎಂದು ಅತ್ತುಬಿಟ್ಟ.

"ಒಳ್ಳೆ ನೀರಿನ ಕೊಡ ಕೂತಂಗೆ ಕೂತಿದೀರ," ಎಂದು ಅವಳು ನಕ್ಕಳು.

ಹುಣ್ಣು ಪೂರ್ತಿ ಮಾಯಿತು. ಮಂಡಿಗೆ ಹಿಂದಿರುಗಿದ ದಿನ ಗಾದಿಯ ಕಡೆಗೆ ಸ್ವಲ್ಪ ಬಗ್ಗಿದನಂತೆ. "ಹರಕೆ ತೀರ್ತಾ ಸಾಮೀ? ಏನಿತ್ತು ಹರಕೆ?" ಎಂದು ಗಾಡಿಯವರೆಲ್ಲ ಬಾಯಿ ಬಿಟ್ಟು ನೋಡಿದರಂತೆ. ನೆಟ್ಟಗಾದ. ಮತ್ತೆ ಅಲ್ಲಿ ಬಗ್ಗಲೇ ಇಲ್ಲ.

ಸಂಜೆ ಊದಿದ ಕಾಲೆಳೆದುಕೊಂಡು ಮನೆಗೆ ಬರುವನು. ಅವಳು ಬೀದಿಬಾಗಿಲಿಗೆ ಚಿಲಕ ಹಾಕುವಳು. ಅಡಿಗೆಮನೆಯಲ್ಲಿ ಸಿಂಬೆಯ ಮೇಲೆ ಕೂತು ಅವನು ಉಸಿರು ಬಿಟ್ಟರೆ ಮನೆಗೆಲ್ಲ ಕೇಳಿಸುತ್ತಿತ್ತು. ಒಲೆ ಆರುವವರೆಗೂ ಮಾತು. "ಆ ಚಿಲಕ ಬಿದ್ಮೇಲೇ ಕಣೆ ನಾನು ಮನುಷ್ಯ ಆಗೋದು," ಎನ್ನುವನು. ಏಳುವಾಗ ಮಾತ್ರ, "ಯಾರ್ಗೂ ಹೇಳ್ಬ್ಯಾಡ," ಎನ್ನುವನು. ಅವಳು ಹೇಳಿರಲಿಲ್ಲ.

*

"ಹಂಗಾರೆ ಉದ್ದಕ್ಕೇನಮ್ಮ?" ಗಂಗುಲಪ್ಪ ಗುದ್ದಲಿ ಎತ್ತಿಕೊಂಡ.

ಪಂಪಮ್ಮ ಎದ್ದು ಅಡಿಗೆಮನೆಗೆ ಹೋದಳು. ಬರುವಾಗ ಕೈಯಲ್ಲಿ ಸಿಂಬೆಯಿತ್ತು. ಮರುಳಪ್ಪ "ಅಕ್ಕ, ಬ್ಯಾಡ" ಎಂದ.

"ಇದ್ಯಾವ ಕೊಡದ್ದಮ್ಮ, ಇಷ್ಟು ದೊಡ್ದು?" ಎಂದ ದೊಡ್ಡಬಸಪ್ಪ.

"ಅವರ್ದು. ದಿನಾ ಇದ್ರ ಮ್ಯಾಲೆ ಕೂತ್ಕೊಂತಿದ್ರು." ಅವಳ ದನಿಯಲ್ಲಿ ಏರಿಳಿತವೇ ಇರಲಿಲ್ಲ. "ಹರಕೆ ಏನೂ ಇರ್ಲಿಲ್ಲ ಕಣಪ್ಪ. ಕೂರೋ ಜಾಗ್ದಾಗೆ ಹುಣ್ಣಾಗಿತ್ತು. ಬೆಂಗ್ಳೂರಾಗೆ ಆಪ್ರೇಸನ್ ಆಯ್ತು, ವಾಸಿ ಆಯ್ತು. ನಿಮ್ಗೆ ಹೇಳಾಕೆ ನಾಚ್ಕೆಯಾಗಿ ನಿಂತೇ ಇದ್ರು."

ಬಾಗಿಲಾಚೆ ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಮರುಳಪ್ಪ ತಲೆ ತಗ್ಗಿಸಿದ. ಒಂದು ಹೆಸರು ಹೋಗುವುದಕ್ಕೆ ಅಷ್ಟೇ ಹೊತ್ತು ಸಾಕಾಯಿತು. ಪಂಪಮ್ಮನಿಗೆ ಅದೂ ಗೊತ್ತಾಯಿತು, ಮೈಗೆ ತಾಗಲಿಲ್ಲ.

"ಗಂಗುಲಪ್ಪ, ಆಳಕ್ಕೆ ತೋಡು. ಇದೂ ಅವರ ಜೊತೆಗೇ ಹೋಯ್ತದೆ."

ದೊಡ್ಡಬಸಪ್ಪ ಸಿಂಬೆಯನ್ನು ನೋಡಿದ, ಚಾಪೆಯ ಮೇಲಿದ್ದವನನ್ನು ನೋಡಿದ. ಕಡೆಗೆ ಶಲ್ಯ ತೆಗೆದು ಗೂಟಕ್ಕೆ ಹಾಕಿ, "ಏನ್ಲಾ ನೋಡ್ತೀರಿ? ಹಿಡೀರ್ಲಾ ಕಾಲನ್ನ," ಎಂದ.

ಮೊಣಕಾಲು ಬಿಗಿಯಾಗಿದ್ದವು, ಆದರೂ ಮಡಿಚಿಕೊಂಡವು. ಸಿಂಬೆಯನ್ನು ಅವನ ಕೆಳಗೆ ಸರಿಸಿದವಳು ಪಂಪಮ್ಮನೇ. ಗೋಡೆಗೆ ಒರಗಿಸಿ, ವಿಭೂತಿ ಬಳಿದು, ಎಡಗೈಯಲ್ಲಿ ಲಿಂಗವಿಟ್ಟರು. ತಿಪ್ಪೇರುದ್ರಪ್ಪ ಕೂತ.

ಅವನು ಕೂತದ್ದೇ ತಡ, ಅವಳ ಕಾಲು ತಾನಾಗಿ ಬೀದಿಬಾಗಿಲಿಗೆ ನಡೆಯಿತು. ಕೈ ಚಿಲಕ ಹಿಡಿಯಿತು. ಹೊರಗೆ ಇಡೀ ಬೀದಿ ಕತ್ತು ಚಾಚಿ ನಿಂತಿತ್ತು. ಹಿಡಿದ ಕೈ ಚಿಲಕವನ್ನು ಬಿಟ್ಟಿತು. ಆಮೇಲೆ ಅವಳು ಮುಚ್ಚಿದ್ದ ಇನ್ನೊಂದು ಕದವನ್ನೂ ತೆರೆದು, ಗಾಳಿಗೆ ಹಾಕಿಕೊಳ್ಳದಂತೆ ಮಂಡಿಯ ತೂಕದ ಕಲ್ಲೊಂದನ್ನು ಅದಕ್ಕೆ ಒತ್ತು ಕೊಟ್ಟಳು.